ಕಿಸೆಯಲ್ಲಿ ಮೂರು ಫ್ಯೂಸು

ಲಾದ್ರು ಪೊರ್ಬುಗಳ ಅಂಗಿಯ ಎಡಗಿಸೆ
ಯಾವಾಗಲೂ ಜೋತುಬಿದ್ದಿರುತ್ತಿತ್ತು.
ಬೀಡಿಯಲ್ಲ, ದುಡ್ಡಲ್ಲ,
ಬೈಕಂಪಾಡಿಯ ಮಲ್ಯರ ವರ್ಕ್‌ಶಾಪಿನ
ಬಿಳಿ ಪಿಂಗಾಣಿಯ ಮೂರು ಫ್ಯೂಸು.

ಯಾರದೇ ಕೈ ಯಂತ್ರದ ಹೊಟ್ಟೆಗೆ ಹೋಗಬೇಕಾದರೂ
ಮೊದಲು ಅವರು ಬೋರ್ಡಿನ ಬಳಿ ಹೋಗಿ
ಕೆಂಪು, ಹಳದಿ, ನೀಲಿ,
ಹಲ್ಲು ಕಿತ್ತಂತೆ ಒಂದೊಂದಾಗಿ ಕಿತ್ತು
ಕಿಸೆಗೆ ಇಳಿಸುವರು.
"ಸ್ವಿಚ್ಚು ಯಾರೂ ಒತ್ತಬಹುದು ಮಾರಾಯ,
ನನ್ನ ಕಿಸೆಗೆ ಕೈ ಹಾಕಲು
ನನ್ನ ಹೆಂಡತಿಗೂ ಧೈರ್ಯ ಇಲ್ಲ."

ಅಷ್ಟಕ್ಕೂ ನಂಬುವವರಲ್ಲ.
ಟೆಸ್ಟರನ್ನು ಮೊದಲು ಜೀವ ಇರುವಲ್ಲಿ ಮುಟ್ಟಿಸಿ,
ಆಮೇಲೆ ಸತ್ತದ್ದಕ್ಕೆ,
ಮತ್ತೆ ಜೀವ ಇರುವಲ್ಲಿ.
"ನಡುವೆ ಟೆಸ್ಟರೇ ಸತ್ತಿದ್ದರೆ?"

ನಾನಾಗ ಹದಿನೇಳರ ದೂಮಪ್ಪ.
ಹಳೇ ಲೇತು ಮುಟ್ಟಿದರೆ ಜುಂ ಎನ್ನುತ್ತಿತ್ತು.
ಎಲ್ಲರೂ ನಗುವರು: "ಕಚಗುಳಿ ಇಡ್ತದೆ,
ಹೊಸಬರೆಂದರೆ ಅದಕ್ಕೆ ಪ್ರೀತಿ."
ನಾನೂ ನಕ್ಕೆ. ಕಾಲಲ್ಲಿ ರಬ್ಬರಿನ ಚಪ್ಪಲಿ ಇತ್ತು.
ಪೊರ್ಬುಗಳು ನಗಲಿಲ್ಲ.
"ಚಪ್ಪಲಿ ಸವೆದು ತೂತಾಗುವ ದಿನ ಯಾವುದು,
ಪಂಚಾಂಗದಲ್ಲಿ ಉಂಟಾ?"

ಏಪ್ರಿಲ್ ತಿಂಗಳು. ಮುರಕಲ್ಲಿನ ನೆಲ
ಸುಟ್ಟ ಇಟ್ಟಿಗೆಯ ಹಾಗೆ.
ಹಿತ್ತಿಲಿಗೆ ಕರೆದೊಯ್ದು, ಗಿಡಗಂಟಿ ಸರಿಸಿ
ತುಕ್ಕು ತಿಂದ ಪೈಪಿನ ಬಾಯಿ ತೋರಿಸಿದರು.
ಕೆಳಗೆ ಇದ್ದಿಲು, ಉಪ್ಪು,
ಎರಡಾಳು ಆಳದಲ್ಲಿ ತಾಮ್ರದ ಹಲಗೆ.
ಹಸಿರು ವೈರನ್ನು ಸುಮ್ಮನೆ ಎಳೆದರು.
ಹಲ್ಲಿಯ ಬಾಲದಂತೆ
ಕೈಗೆ ಬಂತು.

"ಇಳಿಯಲು ದಾರಿ ಇಲ್ಲದಿದ್ದರೆ ಪಾಪ,
ಅದು ನಿನ್ನ ಮೂಲಕ ಇಳಿಯುತ್ತದೆ."
ಕಡಲಿಂದ ಗಾಳಿಯಲ್ಲಿ ಬರುವ ಉಪ್ಪು
ಮೋಟಾರಿನ ಸುರುಳಿ ತಿನ್ನುತ್ತದೆ;
ನೆಲದೊಳಗೆ ನಾವೇ ಹಾಕಿದ ಉಪ್ಪು
ನಮ್ಮನ್ನು ಕಾಯುತ್ತದೆ.
ಇದು ನನ್ನ ಮಾತು. ಅವರು ಅಷ್ಟು ಮಾತಾಡುವವರಲ್ಲ.
ಕೊಡಪಾನ ಕೊಟ್ಟರು, ಅಷ್ಟೆ.

ಮರುವಾರ ಆ ಮೋಟಾರು ಬಿಚ್ಚಿದೆವು.
ಮಧ್ಯಾಹ್ನ ನೋಡಿದರೆ ಪೊರ್ಬುಗಳಿಲ್ಲ.
ಕಿನ್ನಿಗೋಳಿಯಲ್ಲಿ ತಂಗಿಯ ಮಗಳ ರೋಸು,
ಬಸ್ಸು ಹಿಡಿದು ಹೋಗಿದ್ದಾರೆ,
ಫ್ಯೂಸುಗಳೂ ಹೋಗಿವೆ.

ಬಂದರಿನಲ್ಲಿ ಬೋಟು ಕಾಯುತ್ತಿತ್ತು ಶಾಫ್ಟಿಗಾಗಿ.
ತಂಡೇಲ ಬಾಗಿಲಲ್ಲೇ ನಿಂತು
ಒಂದು ದಿನದ ಮೀನಿನ ಲೆಕ್ಕ ಹೇಳುತ್ತಿದ್ದ.
ಉಳಿದ ಲೇತುಗಳೂ ಅದೇ ಬೋರ್ಡಿನವು.
ಮಲ್ಯರು ಬೈದರು, ಬೆವರಿದರು, ಕೊನೆಗೆ
ಬೆರಳ ದಪ್ಪದ ತಾಮ್ರದ ತಂತಿ ಹೆಕ್ಕಿಕೊಂಡು
"ಕರೆಂಟಿಗೆ ಫ್ಯೂಸೇ ಬೇಕಾ?" ಅಂದರು.

ನಾನು ಮೊಣಕೈವರೆಗೆ ಲೇತಿನೊಳಗಿದ್ದೆ.
ಅಲ್ಲಿಂದ ಹೇಗೆ ಹೊರಬಂದೆನೋ,
ಬೋರ್ಡಿಗೆ ಬೆನ್ನು ಕೊಟ್ಟು ನಿಂತಿದ್ದೆ.
"ಬೇಡ ಮಲ್ಯರೇ."
ಧಣಿಗೆ ಬೇಡ ಎಂದದ್ದು
ಅದೇ ಮೊದಲು. ಗಂಟಲು ಕೀರಲಾಗಿತ್ತು.
ಅವರು ತಂತಿ ಕೆಳಗೆ ಹಾಕಲಿಲ್ಲ,
ಮುಂದಕ್ಕೂ ಬರಲಿಲ್ಲ.

ಕೊನೇ ಬಸ್ಸಿಗೆ ಪೊರ್ಬುಗಳು ಓಡೋಡಿ ಬಂದರು.
ತಲೆಯಿಂದ ಎದೆಯವರೆಗೆ ತೆಂಗಿನಹಾಲು,
ಮದುಮಗಳಿಗಿಂತ ಹೆಚ್ಚು ಇವರಿಗೇ ಹೊಯ್ದ ಹಾಗೆ.
ಎದುರೇ ನಿಂತವನ ಕೇಳಿದರು:
"ದೂಮಾ, ಹೊರಗೆ ಬಂದಿಯಾ?"
ಕೈ ಹಿಡಿದು ಬೆರಳು ಎಣಿಸಿದರು.
ಮತ್ತೆ ಫ್ಯೂಸು ತೆಗೆದು ನೋಡಿ, ಮೂಸಿ,
ಲಂಗೋಟಿಯಂತೆ ಸಾಲಾಗಿ ಕಿಟಕಿಯಲ್ಲಿ ಒಣಹಾಕಿ
ಮಲ್ಯರಿಗೆ ಹೇಳಿದರು: "ಒದ್ದೆ ಉಂಟು. ನಾಳೆ."
ತಂಡೇಲನಿಗೆ ಮಾತ್ರ ನಗು ಬಂತು.

ಈಗ ನನ್ನದೇ ಶೆಡ್ಡು, ಕೂಳೂರು ಸೇತುವೆಯ ಆಚೆ.
ಪಿಂಗಾಣಿ ಹೋಗಿ ಬ್ರೇಕರು ಬಂದಿದೆ,
ಕಿತ್ತು ಕಿಸೆಗೆ ಹಾಕುವಂತಿಲ್ಲ.
ಬೀಗ ಹಾಕುತ್ತೇನೆ. ಚೀಟಿ ನೇತುಹಾಕುತ್ತೇನೆ,
ಒಳಗೆ ಯಾರಿದ್ದಾರೋ ಅವರ ಹೆಸರು ಬರೆದು:
ವಾರಿಜ ಒಳಗಿದ್ದಾಳೆ.
ಇಮ್ತಿಯಾಜ್ ಒಳಗಿದ್ದಾನೆ.
ಕೀಲಿ ಎಡಗಿಸೆಯಲ್ಲಿ.

ಏಪ್ರಿಲಿನಲ್ಲಿ ಬೆಳಿಗ್ಗೆ
ಹಿತ್ತಿಲಿಗೆ ಹೋಗಿ ಒಂದು ಕೊಡ ನೀರು ಹೊಯ್ದು
ನೆಲ ಕುಡಿಯುವ ಸದ್ದು ನಿಲ್ಲುವ ತನಕ
ಕುಕ್ಕರಗಾಲಲ್ಲಿ ಕೂತಿರುತ್ತೇನೆ.
ಆಮೇಲೆ ಇನ್ನೊಂದು ಕೊಡ.